ಕೈಗರಗಸದ ಹಲ್ಲು ಮತ್ತು ಹಿಡಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ಬೀಟೆ ಮರದ ಪೀಠೋಪಕರಣ ಮತ್ತು ಚಿತ್ತಾರ ಕೂರಿಸುವ ಕೆಲಸ ಮಾಡುವ ಕುಟುಂಬ. ಸಣ್ಣ ಪೆಟ್ಟಿಗೆಗಳ ಮೂಲೆಗೆ ಡವ್‌ಟೇಲ್ ಜಾಯಿಂಟ್ (ಪಾರಿವಾಳದ ಬಾಲದ ಆಕಾರದ ಕೊಯ್ತಗಳು ಒಂದಕ್ಕೊಂದು ಕಚ್ಚಿಕೊಳ್ಳುವ ಜೋಡಣೆ) ಕೊಯ್ಯಲು ಅಂಗಡಿಯಲ್ಲಿ ಸಿಗುವ ಗರಗಸಗಳು ತೀರ ಒರಟು. ಹೊರದೇಶದಿಂದ ತರಿಸುವವು ಕೈಗೆಟುಕುವುದಿಲ್ಲ. ಅಲಗಿನ ಮೇಲಂಚಿಗೆ ಹಿತ್ತಾಳೆಯ ಬೆನ್ನುಪಟ್ಟಿ, ಬೀಟೆಯ ಹಿಡಿ ಇರುವ ಗರಗಸವೊಂದನ್ನು ನಾನೇ ಮಾಡಿಕೊಳ್ಳಬಹುದೇ? ಯಾವ ಉಕ್ಕು, ಎಷ್ಟು ಹಲ್ಲು, ಹಿಡಿಯ ರೂಪ ಹೇಗಿರಬೇಕು ಎಂಬುದನ್ನು ವಿವರವಾಗಿ ತಿಳಿಸಬೇಕಾಗಿ ವಿನಂತಿ.
— ಓದುಗರೊಬ್ಬರು, ಮಂಡಿ ಮೊಹಲ್ಲಾ, ಮೈಸೂರು

ಉತ್ತರ: ಖಂಡಿತ ಮಾಡಿಕೊಳ್ಳಬಹುದು. ಬೀಟೆ ಹಲಗೆಯಲ್ಲಿ ಸಂದು ಕಾಣದಂತೆ ಚಿತ್ತಾರ ಕೂರಿಸಬಲ್ಲ ಕೈಗೆ ಈ ಕೆಲಸ ಹೊಸದೇನೂ ಅಲ್ಲ. ಕೆಲವು ಅಳತೆಗಳ ತಿಳಿವಳಿಕೆ ಮತ್ತು ತಾಳ್ಮೆ ಇದ್ದರೆ ಸಾಕು. ಒಂದು ಮಾತನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಇಂಥ ಗರಗಸವನ್ನು ನೋಡಿದವರು ಹಿತ್ತಾಳೆಯ ಹೊಳಪನ್ನೂ ಹಿಡಿಯ ನುಣುಪನ್ನೂ ಮೆಚ್ಚುತ್ತಾರೆ, ಆದರೆ ಮೊಂಡಾದಾಗ ಅದರ ಒಡೆಯನೇ ಅರ ಹಾಕಿ ಮತ್ತೆ ಹರಿತ ಮಾಡಿಕೊಳ್ಳಲು ಬರುವ ಗರಗಸವೇ ನನ್ನ ಪಾಲಿಗೆ ಒಳ್ಳೆಯ ಗರಗಸ. ಉಕ್ಕಿನ ಆಯ್ಕೆಯಿಂದ ಹಿಡಿದು ಹಿಡಿಯ ಓರೆಯವರೆಗೆ ಪ್ರತಿಯೊಂದನ್ನೂ ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ನಿರ್ಧರಿಸಬೇಕು.

ಅಲಗಿಗೆ ಬೇಕಾದದ್ದು ಮೊದಲೇ ಹದಗೊಳಿಸಿ ತೆಳುವಾಗಿ ಉರುಳಿಸಿದ ಸ್ಪ್ರಿಂಗ್ ಉಕ್ಕಿನ ಪಟ್ಟಿ. ಗರಗಸ ಮಾಡುವವರು ಸಾಮಾನ್ಯವಾಗಿ ಬಳಸುವುದು 1095 ಎಂಬ ದರ್ಜೆಯದು. ಅದರಲ್ಲಿ ಇಂಗಾಲದ ಪ್ರಮಾಣ ಸುಮಾರು ಶೇಕಡಾ 0.95. ಅದರ ಗಡಸುತನ ರಾಕ್‌ವೆಲ್ ಸಿ ಅಳತೆಯಲ್ಲಿ 50ರ ಆಸುಪಾಸಿನಲ್ಲಿರಬೇಕು. ಒಳ್ಳೆಯ ಅರದ ಗಡಸುತನ 60ನ್ನು ದಾಟಿರುವುದರಿಂದ ಅದು ಈ ಉಕ್ಕನ್ನು ಕೊರೆಯುತ್ತದೆ; ಉಕ್ಕು ಇನ್ನೂ ಗಟ್ಟಿಯಾದರೆ ಅರ ಜಾರುತ್ತದೆ, ಮೆತ್ತಗಾದರೆ ಹಲ್ಲು ಬೇಗ ಮೊಂಡಾಗುತ್ತದೆ. ಡವ್‌ಟೇಲ್ ಕೆಲಸಕ್ಕೆ 0.5 ಮಿ.ಮೀ. ದಪ್ಪದ ಪಟ್ಟಿಯನ್ನು ಕೊಳ್ಳಿ. 0.4 ಮಿ.ಮೀ. ಪಟ್ಟಿಯ ಸೀಳು ಇನ್ನೂ ಸಣ್ಣದು, ಆದರೆ ಬೀಟೆಯಂಥ ಗಟ್ಟಿ ಮರದಲ್ಲಿ ಕೈ ತುಸು ತಿರುಗಿದರೂ ಅದು ಬಳುಕುತ್ತದೆ, ಆದ್ದರಿಂದ ಮೊದಲ ಗರಗಸಕ್ಕೆ ಅದು ಬೇಡ. ಅಲಗಿನ ಉದ್ದ 250 ಮಿ.ಮೀ. ಇರಲಿ. ಬೆನ್ನುಪಟ್ಟಿಯ ಕೆಳಗೆ ಕಾಣುವ ಅಲಗಿನ ಆಳ ಹಿಡಿಯ ಕಡೆ ಸುಮಾರು 45 ಮಿ.ಮೀ. ಇದ್ದು, ತುದಿಯ ಕಡೆ 4–5 ಮಿ.ಮೀ. ಕಡಿಮೆಯಾಗಲಿ. ಹೀಗಿದ್ದರೆ ಬೆನ್ನುಪಟ್ಟಿಯನ್ನು ಮಟ್ಟವಾಗಿ ಹಿಡಿದು ಕೊಯ್ಯುವಾಗ ಕಣ್ಣಿಗೆ ಕಾಣದ ಆಚೆ ಬದಿಯಲ್ಲಿ ಗೆರೆ ದಾಟಿ ಕೊಯ್ಯುವ ಅಪಾಯ ತಗ್ಗುತ್ತದೆ.

ಬೆನ್ನುಪಟ್ಟಿಯ ಕೆಲಸ ಎರಡು: ತೆಳುವಾದ ಅಲಗನ್ನು ನೆಟ್ಟಗೆ ಬಿಗಿಹಿಡಿಯುವುದು, ಮತ್ತು ನೀವು ಒತ್ತದೆಯೇ ಗರಗಸ ಕೆಳಗಿಳಿಯುವಷ್ಟು ಭಾರ ಕೊಡುವುದು. 19 ಮಿ.ಮೀ. ಎತ್ತರ, 6 ಮಿ.ಮೀ. ದಪ್ಪ, 250 ಮಿ.ಮೀ. ಉದ್ದದ ಹಿತ್ತಾಳೆ ಪಟ್ಟಿ ಸುಮಾರು 240 ಗ್ರಾಂ ತೂಗುತ್ತದೆ. ಇಷ್ಟು ಭಾರ ಸಾಕು. ಅದರ ಒಂದು ಅಂಚಿನ ನಟ್ಟನಡುವೆ 10 ಮಿ.ಮೀ. ಆಳದ ಸೀಳನ್ನು ಮಿಲ್ಲಿಂಗ್ ಯಂತ್ರದಲ್ಲಿ ಮಾಡಿಸಿಕೊಳ್ಳಬೇಕು. ಸೀಳು ಅಲಗಿನಷ್ಟೇ ಅಗಲವಿರಲಿ, ಹೆಚ್ಚಾಗುವುದು ಬೇಡ. ಅಲಗನ್ನು ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ ಕೂರಿಸುವಷ್ಟು ಬಿಗಿಯಾಗಿರಬೇಕು.

ಇನ್ನು ಹಲ್ಲು. ಬೀಟೆ, ತೇಗಗಳಲ್ಲಿ ಸಣ್ಣ ಜಾಯಿಂಟ್‌ಗಳಿಗೆ ಅಂಗುಲಕ್ಕೆ 15 ಹಲ್ಲು ಹಿತವಾದ ಅಳತೆ, ಅಂದರೆ ಒಂದು ಹಲ್ಲಿನ ತುದಿಯಿಂದ ಇನ್ನೊಂದರ ತುದಿಗೆ ಸುಮಾರು 1.7 ಮಿ.ಮೀ. ಈ ಅಂತರದಲ್ಲಿ ಗೆರೆಗಳನ್ನು ಕಂಪ್ಯೂಟರಿನಲ್ಲಿ ಎಳೆದು, ಕಾಗದದ ಮೇಲೆ ಅಳತೆ ಕುಗ್ಗದಂತೆ ಮುದ್ರಿಸಿ, ಅಲಗಿನ ಅಂಚಿಗೆ ಅಂಟಿಸಿ. ಅಲಗನ್ನು ಎರಡು ಗಟ್ಟಿ ಹಲಗೆಗಳ ನಡುವೆ ಇಟ್ಟು, ಅಂಚು 3 ಮಿ.ಮೀ.ಗಿಂತ ಹೆಚ್ಚು ಹೊರಗೆ ಕಾಣದಂತೆ ವೈಸ್‌ನಲ್ಲಿ ಕಚ್ಚಿಸಿ. ಹೆಚ್ಚು ಹೊರಗಿದ್ದರೆ ಅಲಗು ನಡುಗಿ ಕಿರುಚುತ್ತದೆ, ಅರವೂ ಕೆಡುತ್ತದೆ. ಮೊದಲ ಸುತ್ತಿನಲ್ಲಿ ಪ್ರತಿ ಗೆರೆಯ ಮೇಲೆ ಮುಮ್ಮೂಲೆ ಅರದಿಂದ ಒಂದೆರಡು ಎಳೆತದ ಕಚ್ಚು ಮಾತ್ರ ಹಾಕಿ. ಎಲ್ಲ ಕಚ್ಚುಗಳೂ ಒಂದೇ ಅಂತರದಲ್ಲಿವೆಯೆಂದು ಖಾತರಿಯಾದ ಮೇಲೆ ಆಳಕ್ಕೆ ಇಳಿಯಿರಿ. ಈ ಅಳತೆಯ ಹಲ್ಲಿಗೆ 4 ಅಂಗುಲದ ಅತಿ ತೆಳುವಾದ ಅರ ಬೇಕು. ಅರದ ಮುಖ ಹಲ್ಲಿನ ಆಳದ ಎರಡು ಪಟ್ಟಿಗಿಂತ ತುಸು ಅಗಲವಿದ್ದರೆ ಅದರ ಮೂರು ಮೂಲೆಗಳನ್ನೂ ಸರದಿಯಂತೆ ಬಳಸಬಹುದು.

ಹಲ್ಲಿನ ಓರೆಯೇ ಗರಗಸದ ಗುಣವನ್ನು ತೀರ್ಮಾನಿಸುತ್ತದೆ. ಡವ್‌ಟೇಲ್ ಕೊಯ್ತ ಹೆಚ್ಚಾಗಿ ಮರದ ಎಳೆಯ ಉದ್ದಕ್ಕೆ ಸಾಗುವುದರಿಂದ ಪ್ರತಿ ಹಲ್ಲೂ ಪುಟ್ಟ ಉಳಿಯಾಗಿ ಕೆಲಸ ಮಾಡಬೇಕು: ಅರವನ್ನು ಅಲಗಿಗೆ ನೇರ ಅಡ್ಡಲಾಗಿ, 90 ಡಿಗ್ರಿಯಲ್ಲಿ ಹಿಡಿಯಬೇಕು, ಮತ್ತು ಹಲ್ಲಿನ ಮುಂಮುಖ ಬಹುತೇಕ ನೆಟ್ಟಗೆ ನಿಲ್ಲಬೇಕು. ತೀರ ನೆಟ್ಟಗಿದ್ದರೆ ಗಟ್ಟಿ ಮರದಲ್ಲಿ ಕೊಯ್ತ ಶುರುಮಾಡುವಾಗ ಹಲ್ಲು ಕಚ್ಚಿಕೊಳ್ಳುತ್ತದೆ. ಆದ್ದರಿಂದ ತುದಿಯ ಕಡೆಯ ಮೊದಲ 40–50 ಮಿ.ಮೀ. ಭಾಗದಲ್ಲಿ ಮುಂಮುಖವನ್ನು 10ರಿಂದ 15 ಡಿಗ್ರಿ ಹಿಂದಕ್ಕೆ ಒರಗಿಸಿ, ಉಳಿದ ಕಡೆ 5 ಡಿಗ್ರಿಗೆ ತರುವುದು ನನಗೆ ಮೆಚ್ಚಿಗೆಯಾದ ಕ್ರಮ. ಈ ಓರೆ ಕೈತಪ್ಪದಿರಲು ಸಣ್ಣ ಮರದ ತುಂಡೊಂದಕ್ಕೆ ತೂತು ಕೊರೆದು, ಬೇಕಾದ ಓರೆಯಲ್ಲಿ ಅರದ ತುದಿಯನ್ನು ಅದಕ್ಕೆ ಸಿಕ್ಕಿಸಿ; ಆ ತುಂಡಿನ ಮೇಲಂಚು ಹಲ್ಲಿನ ಸಾಲಿಗೆ ಸಮಾನಾಂತರವಾಗಿ ಇರುವವರೆಗೆ ಎಲ್ಲ ಹಲ್ಲುಗಳೂ ಒಂದೇ ಓರೆಯಲ್ಲಿರುತ್ತವೆ. ಅರವನ್ನು ಮುಂದಕ್ಕೆ ಮಾತ್ರ ಒತ್ತಿ. ಹಿಂದಕ್ಕೆ ಎಳೆಯುವಾಗ ಎತ್ತಿಕೊಳ್ಳಿ. ನಡುನಡುವೆ ಚಪ್ಪಟೆ ಅರವನ್ನು ಹಲ್ಲುಗಳ ನೆತ್ತಿಯ ಮೇಲೆ ಒಮ್ಮೆ ಸವರಿದರೆ ಎತ್ತರದ ಹಲ್ಲುಗಳ ತಲೆಯಲ್ಲಿ ಹೊಳೆಯುವ ಚುಕ್ಕೆ ಕಾಣಿಸುತ್ತದೆ. ಆ ಹೊಳಪು ಮಾಯವಾಗುವವರೆಗೆ ಮಾತ್ರ ಅರ ಹಾಕಿ; ಅದರ ಮೇಲೆ ಇನ್ನೊಂದು ಎಳೆತ ಹಾಕಿದರೂ ಆ ಹಲ್ಲು ಗಿಡ್ಡವಾಗುತ್ತದೆ.

ಹಲ್ಲುಗಳು ಸಿದ್ಧವಾದ ಮೇಲೆ ಅವುಗಳ ತಲೆಯನ್ನು ಒಂದು ಬಿಟ್ಟು ಒಂದರಂತೆ ಎಡಕ್ಕೂ ಬಲಕ್ಕೂ ಬಾಗಿಸಬೇಕು. ಇಲ್ಲವಾದರೆ ಸೀಳು ಅಲಗಿನಷ್ಟೇ ಅಗಲವಿದ್ದು ಗರಗಸ ಮರದಲ್ಲಿ ಸಿಕ್ಕಿಕೊಳ್ಳುತ್ತದೆ. ಸಾ ಸೆಟ್ ಎಂದು ಕೇಳಿದರೆ ಇದಕ್ಕಾಗಿಯೇ ಇರುವ ಇಕ್ಕಳ ಸಿಗುತ್ತದೆ. ಬೀಟೆಯಂಥ ಒಣ, ಗಟ್ಟಿ ಮರಕ್ಕೆ ಒಂದೊಂದು ಬದಿಗೆ 0.05ರಿಂದ 0.08 ಮಿ.ಮೀ. ಬಾಗು ಧಾರಾಳವಾಯಿತು, ಹಸಿ ಅಥವಾ ಮೆದು ಮರಕ್ಕೆ ಇನ್ನಷ್ಟು ಬೇಕಾಗುತ್ತದೆ. ಹಲ್ಲಿನ ಮೇಲಿನ ಅರ್ಧವನ್ನಷ್ಟೇ ಬಾಗಿಸಬೇಕು, ಬುಡದಿಂದ ಬಾಗಿಸಲು ಹೋದರೆ ಹಲ್ಲು ಮುರಿಯುತ್ತದೆ. ನಂತರ ಗೆರೆ ಹಾಕಿ ಕೊಯ್ದು ನೋಡಿ. ಗರಗಸ ಯಾವ ಬದಿಗೆ ವಾಲುತ್ತದೆಯೋ ಆ ಬದಿಯ ಹಲ್ಲುಗಳು ಹೆಚ್ಚು ಬಾಗಿವೆ ಎಂದು ತಿಳಿದು, ನುಣುಪಾದ ಸಾಣೆಕಲ್ಲನ್ನು ಆ ಪಕ್ಕಕ್ಕೆ ಚಪ್ಪಟೆಯಾಗಿ ತಾಗಿಸಿ ಹಲ್ಲಿನ ಸಾಲಿನ ಉದ್ದಕ್ಕೆ ಒಮ್ಮೆ ಹಗುರವಾಗಿ ಎಳೆಯಿರಿ. ಮತ್ತೆ ಕೊಯ್ದು ನೋಡಿ. ಈ ಹೊಂದಾಣಿಕೆಯಲ್ಲಿ ಅವಸರ ಮಾಡಬೇಡಿ. ಗೆರೆಯ ಮೇಲೆ ತಾನಾಗಿ ನಡೆಯುವ ಗರಗಸ ಕೈಯಲ್ಲಿದ್ದಾಗ ಕೆಲಸಗಾರನಿಗೆ ಸಿಗುವ ನೆಮ್ಮದಿಗೆ ಬೆಲೆ ಕಟ್ಟಲಾಗದು.

ಹಿಡಿಯ ವಿಚಾರಕ್ಕೆ ಬರೋಣ. ಇದು ಅಲಂಕಾರವಲ್ಲ, ಕೈಯ ಬಲವನ್ನು ಹಲ್ಲಿಗೆ ಮುಟ್ಟಿಸುವ ಭಾಗ. ಬೆನ್ನುಪಟ್ಟಿಯ ಗರಗಸವನ್ನು ಮೂರು ಬೆರಳುಗಳಿಂದ ಹಿಡಿದು, ತೋರುಬೆರಳನ್ನು ಅಲಗಿನ ದಿಕ್ಕಿಗೆ ಚಾಚುವುದು ಕ್ರಮ. ಆದ್ದರಿಂದ ಹಿಡಿಯ ಉದ್ದವನ್ನು ನಿಮ್ಮದೇ ನಡುಬೆರಳು, ಉಂಗುರ ಬೆರಳು, ಕಿರುಬೆರಳುಗಳ ಒಟ್ಟು ಅಗಲಕ್ಕೆ ಹೊಂದಿಸಬೇಕು. ನಾಲ್ಕು ಬೆರಳಿಗೆ ಜಾಗವಿದ್ದರೆ ಗರಗಸ ಕೈಯಲ್ಲಿ ಹೊರಳಾಡುತ್ತದೆ. ಇನ್ನೊಂದು ಮುಖ್ಯ ಅಂಶ ಹಿಡಿಯ ಓರೆ. ಹಿಡಿದಾಗ ಚಾಚಿದ ತೋರುಬೆರಳಿನ ಗೆರೆಯನ್ನು ಮುಂದಕ್ಕೆ ಎಳೆದರೆ ಅದು ಹಲ್ಲಿನ ಸಾಲನ್ನು ಅದರ ನಡುಭಾಗದ ಆಸುಪಾಸಿನಲ್ಲಿ ಮುಟ್ಟಬೇಕು. ಆ ಗೆರೆ ಹಿಡಿಯ ಹತ್ತಿರವೇ ಇಳಿದರೆ ಬಲವೆಲ್ಲ ಕೆಳಕ್ಕೆ ಒತ್ತಿ ಹಲ್ಲು ಮರಕ್ಕೆ ನಾಟುತ್ತದೆ. ತುದಿಯನ್ನೂ ದಾಟಿ ಹೋದರೆ ಹಲ್ಲು ಮರವನ್ನು ಬರಿದೆ ಸವರಿ ಹೋಗುತ್ತದೆ. ಇದನ್ನು ಕಾಗದದ ಮೇಲೆ ಲೆಕ್ಕ ಹಾಕಿ ಒಪ್ಪಿಕೊಳ್ಳಬೇಡಿ. ನಮ್ಮ ಕಡೆ ಕಡಿಮೆ ಬೆಲೆಗೆ ಸಿಗುವ ಸಿಲ್ವರ್ ಓಕ್ ಹಲಗೆಯಲ್ಲಿ ಒಂದು ಕಚ್ಚಾ ಹಿಡಿ ಮಾಡಿ, ಅಲಗನ್ನು ಸಿಕ್ಕಿಸಿ, ನೀವು ನಿತ್ಯ ನಿಲ್ಲುವ ಅಥವಾ ಕೂರುವ ಭಂಗಿಯಲ್ಲಿ ಕೊಯ್ದು ನೋಡಿ. ಎತ್ತರದ ಬೆಂಚಿನ ಮುಂದೆ ನಿಂತು ಕೊಯ್ಯುವವರಿಗೆ ಹೊಂದುವ ಓರೆ, ನೆಲದ ಮೇಲೆ ಕುಳಿತು ಕೊಯ್ಯುವವರಿಗೆ ಹೊಂದುವುದಿಲ್ಲ. ಅಂಗಡಿಯ ಹಿಡಿಗಳು ನಮ್ಮ ಅನೇಕ ಕುಶಲಕರ್ಮಿಗಳಿಗೆ ಒಗ್ಗದಿರಲು ಇದೂ ಒಂದು ಕಾರಣವೆಂದು ನಾನು ಬಲವಾಗಿ ನಂಬಿದ್ದೇನೆ.

ಹಿಡಿಗೆ 22ರಿಂದ 24 ಮಿ.ಮೀ. ದಪ್ಪದ ತುಂಡು ಬೇಕು. ಬೆರಳು ಹಿಡಿಯುವ ಭಾಗ ಅಲಗಿನ ಕಡೆಯ ಅಗಲ ಭಾಗವನ್ನು ಸೇರುವಲ್ಲಿ ಮರ ಅತ್ಯಂತ ಸಣ್ಣದಾಗುತ್ತದೆ. ಆ ಜಾಗದಲ್ಲಿ ಮರದ ಎಳೆ ತುಂಡಾಗದೆ ಉದ್ದಕ್ಕೆ ಹಾಯ್ದು ಹೋಗುವಂತೆ ಹಿಡಿಯ ರೂಪದ ಅಚ್ಚನ್ನು ತಿರುಗಿಸಿ ಗುರುತು ಹಾಕಿ. ಎಳೆಯ ಅಂದಕ್ಕೆ ಮರುಳಾಗಿ ದಿಕ್ಕನ್ನು ಮರೆತರೆ, ಒಂದು ಸಲ ಕೈಜಾರಿ ಬಿದ್ದಾಗ ಹಿಡಿ ಅಲ್ಲೇ ಸೀಳುತ್ತದೆ. ಅಲಗು ಕೂರುವ ಸೀಳು, ಬೆನ್ನುಪಟ್ಟಿಗೆ ಬೇಕಾದ ಗುಂಡಿ, ಅಲಗನ್ನು ಹಿಡಿಗೆ ಬಿಗಿಯುವ ಬೋಲ್ಟಿನ ತೂತು ಈ ಮೂರನ್ನೂ ತುಂಡು ಇನ್ನೂ ಚೌಕವಾಗಿರುವಾಗಲೇ ಮಾಡಿಕೊಳ್ಳಬೇಕು, ಏಕೆಂದರೆ ಒಮ್ಮೆ ಪಕ್ಕಗಳನ್ನು ದುಂಡಗೆ ಮಾಡಿದ ಮೇಲೆ ಅಳತೆ ಹಿಡಿಯಲು ನೇರವಾದ ಮುಖವೇ ಉಳಿದಿರುವುದಿಲ್ಲ. ಅಲಗಿನ ಹದಗೊಂಡ ಉಕ್ಕಿಗೆ ಅದೇ ಬೋಲ್ಟಿನ ತೂತು ಕೊರೆಯಲು ಸಾಮಾನ್ಯ ಡ್ರಿಲ್ ಬಿಟ್ ಸಾಲದು. ಕಾರ್ಬೈಡ್ ಬಿಟ್ ಬಳಸಿ, ಎಣ್ಣೆ ಹಾಕಿ, ನಿಧಾನಗತಿಯಲ್ಲಿ ಕೊರೆಯಿರಿ. ಹೊರರೂಪವನ್ನು ಕೋಪಿಂಗ್ ಗರಗಸದಿಂದ ಕೊಯ್ದು, ಒರಟು ಅರದಿಂದ ದುಂಡಗೆ ಮಾಡಿ, ಉಪ್ಪುಕಾಗದದಿಂದ ನಯಗೊಳಿಸಿ. ಬೀಟೆಯ ಪುಡಿ ಕೆಲವರಿಗೆ ಚರ್ಮದ ತುರಿಕೆ, ಉಸಿರಿನ ತೊಂದರೆ ತರುತ್ತದೆ; ನಿತ್ಯ ಅದರ ನಡುವೆಯೇ ಇರುವ ನೀವು ದಯವಿಟ್ಟು ಮುಖಗವಸು ಬಿಡಬೇಡಿ.

ಪ್ರಶ್ನೆ: ನಮ್ಮದು ಕಮ್ಮಾರರ ಮನೆ. ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಕಬ್ಬು ಕಡಿಯುವ ಮಚ್ಚು, ಕುಡುಗೋಲು ಮಾಡುತ್ತೇವೆ. ಅದೇ ಉಕ್ಕನ್ನು ಕುಲುಮೆಯಲ್ಲಿ ಬಡಿದು ಗರಗಸದ ಅಲಗು ಮಾಡಲು ಸಾಧ್ಯವೇ?
— ಓದುಗರೊಬ್ಬರು, ಮದ್ದೂರು ತಾಲ್ಲೂಕು, ಮಂಡ್ಯ ಜಿಲ್ಲೆ

ಉತ್ತರ: ಉಕ್ಕಿನ ಗುಣದಲ್ಲಿ ಕೊರತೆಯಿಲ್ಲ, ತೊಡಕಿರುವುದು ಆಕಾರದಲ್ಲಿ. ಮಚ್ಚಿನ ಅಲಗು ಬೆನ್ನಿನಲ್ಲಿ ದಪ್ಪ, ಬಾಯಿಯಲ್ಲಿ ತೆಳು. ಸುತ್ತಿಗೆಯ ಏಟಿನಲ್ಲಿ ಅರ್ಧ ಮಿಲಿಮೀಟರ್ ಹೆಚ್ಚುಕಡಿಮೆಯಾದರೆ ಕಬ್ಬು ಕಡಿಯಲು ಅಡ್ಡಿಯೇನಿಲ್ಲ. ಗರಗಸದ ಅಲಗಿನ ಒಟ್ಟು ದಪ್ಪವೇ ಅರ್ಧ ಮಿಲಿಮೀಟರ್, ಅದೂ ಉದ್ದಗಲಕ್ಕೆ ಒಂದೇ ಸಮವಾಗಿರಬೇಕು. ಅಷ್ಟು ತೆಳುವಾದ ಹಾಳೆಯನ್ನು ಅಡಿಗಲ್ಲಿನ ಮೇಲೆ ಸಮನಾಗಿ ಬಡಿಯುವುದು ಬಹಳ ಕಷ್ಟ. ಬಡಿದರೂ ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದ ಕೂಡಲೇ ಅದು ಸೊಟ್ಟಗಾಗುತ್ತದೆ. ಉರುಳೆಗಳ ನಡುವೆ ಹಾಯಿಸಿ ತಯಾರಾಗುವ ಪಟ್ಟಿಯನ್ನು ಕೊಳ್ಳುವುದೇ ಸರಿಯಾದ ದಾರಿ.

ಹೀಗೆ ಹೇಳುವಾಗ ಈ ನಾಡಿನ ಕುಲುಮೆಯ ಬಗ್ಗೆ ನನಗಿರುವ ಗೌರವವನ್ನೂ ಹೇಳಬೇಕು. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಇಲ್ಲಿನವರು ಮಣ್ಣಿನ ಮೂಸೆಯಲ್ಲಿ ಕಬ್ಬಿಣವನ್ನು ಇಟ್ಟು, ಕುಲುಮೆಯಲ್ಲಿ ಕಾಯಿಸಿ ಉಕ್ಕು ತೆಗೆಯುತ್ತಿದ್ದುದನ್ನು ಕಂಡು ಬರೆದಿಟ್ಟಿದ್ದಾನೆ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಮೂಸೆಯ ಉಕ್ಕನ್ನು ಎರಕ ಹೊಯ್ಯುವ ವಿಧಾನ ಕಂಡುಕೊಂಡದ್ದು 1740ರ ದಶಕದಲ್ಲಿ. ಶೆಫೀಲ್ಡ್ ಮುಂದೆ ಗರಗಸಕ್ಕೆ ಹೆಸರಾದದ್ದಕ್ಕೆ ಆ ಉಕ್ಕಿನ ಜೊತೆಗೆ ಅದನ್ನು ತೆಳುಹಾಳೆಯಾಗಿ ಉರುಳಿಸುವ ಯಂತ್ರಗಳೂ ಕಾರಣ. ದಕ್ಷಿಣ ಭಾರತದ ಮೂಸೆ ಉಕ್ಕು ಅದಕ್ಕಿಂತ ಎಷ್ಟೋ ಹಳೆಯದು, ಆದರೆ ಅದು ಹೊರಬರುತ್ತಿದ್ದದ್ದು ಸಣ್ಣ ಸಣ್ಣ ಗಟ್ಟಿಗಳಾಗಿ. ಕತ್ತಿ, ಉಳಿಗಳಿಗೆ ಅದು ಹೇಳಿಮಾಡಿಸಿದಂಥದ್ದು.

ನಿಮ್ಮ ಕೈ ಬೇಕಾಗಿರುವುದು ಬೆನ್ನುಪಟ್ಟಿಗೆ. 2ರಿಂದ 2.5 ಮಿ.ಮೀ. ದಪ್ಪದ ಮೆದು ಉಕ್ಕಿನ ಪಟ್ಟಿಯನ್ನು ಕಾಯಿಸಿ, ಉದ್ದಕ್ಕೆ ಮಡಚಿ, ಬಾಯಿ ತುಸು ಒತ್ತಿಕೊಂಡಿರುವಂತೆ ಬಡಿದರೆ ಅದು ಅಲಗನ್ನು ತನ್ನ ಬಿಗಿತದಲ್ಲೇ ಕಚ್ಚಿ ಹಿಡಿಯುತ್ತದೆ. ಹಳೆಯ ಉತ್ತಮ ಗರಗಸಗಳಲ್ಲಿ ಇರುವುದು ಈ ಮಡಚಿದ ಬೆನ್ನೇ. ಸೀಳು ಕೊಯ್ದ ಹಿತ್ತಾಳೆಗಿಂತ ಇದರಲ್ಲಿ ಒಂದು ಅನುಕೂಲವಿದೆ: ಅಲಗು ಬಿದ್ದು ಬಾಗಿದರೆ ಬೆನ್ನುಪಟ್ಟಿಯ ತುದಿಯನ್ನು ಮೆಲ್ಲಗೆ ತಟ್ಟಿ ಅಲಗನ್ನು ಮತ್ತೆ ಬಿಗಿಗೊಳಿಸಬಹುದು. ಗುಜರಿ ಅಂಗಡಿಯಲ್ಲಿ ಮುರಿದ ಹಳೆಯ ಕೈಗರಗಸ ಸಿಕ್ಕರೆ ಬಿಡಬೇಡಿ. ಅದರ ಅಲಗು 0.8ರಿಂದ 1 ಮಿ.ಮೀ. ದಪ್ಪವಿರುತ್ತದೆ, ಬಾಗಿಲು ಕಿಟಕಿಯ ಚೌಕಟ್ಟಿನ ಜಾಯಿಂಟ್ ಕೊಯ್ಯುವ ದೊಡ್ಡ ಟೆನನ್ ಗರಗಸಕ್ಕೆ ಅದನ್ನೇ ಕತ್ತರಿಸಿ ಬಳಸಬಹುದು. ಕತ್ತರಿಸುವಾಗ ಅಂಚು ನೀಲಿ ಬಣ್ಣಕ್ಕೆ ತಿರುಗುವಷ್ಟು ಬಿಸಿಯಾಗಲು ಬಿಡಬಾರದು, ಹದ ಇಳಿದು ಹೋಗುತ್ತದೆ.

ಪ್ರಶ್ನೆ: ಅಂಗಡಿಯಲ್ಲಿ ಕೊಂಡ ಗರಗಸದ ಹಲ್ಲಿನ ತುದಿ ಕಪ್ಪಗಿದೆ. ಮೊಂಡಾಗಿದೆಯೆಂದು ಅರ ಹಾಕಲು ಹೋದರೆ ಅರವೇ ಜಾರುತ್ತದೆ. ಏನು ಮಾಡಬೇಕು?
— ಓದುಗರೊಬ್ಬರು, ಶ್ರೀರಂಗಪಟ್ಟಣ

ಉತ್ತರ: ಆ ಕಪ್ಪು, ಹಲ್ಲಿನ ತುದಿಯನ್ನು ವಿದ್ಯುತ್ತಿನಿಂದ ಕ್ಷಣಮಾತ್ರ ಕಾಯಿಸಿ ಗಡಸು ಮಾಡಿರುವುದರ ಗುರುತು. ಅಂಥ ಹಲ್ಲು ಬಹಳ ಕಾಲ ಹರಿತವಾಗಿರುತ್ತದೆ, ಆದರೆ ಅರದಷ್ಟೇ ಗಟ್ಟಿಯಾಗಿರುವುದರಿಂದ ಅದಕ್ಕೆ ಅರ ತಾಗುವುದಿಲ್ಲ. ಬೇಕಿದ್ದರೆ ಹಲ್ಲಿನ ಸಾಲನ್ನು ಪೂರ್ತಿ ಕತ್ತರಿಸಿ ತೆಗೆದು, ಒಳಗಿನ ಮೆದು ಉಕ್ಕಿನಲ್ಲಿ ಹೊಸ ಹಲ್ಲು ಕೊರೆಯಬಹುದು. ಮುಂದಿನ ಸಲ ಕೊಳ್ಳುವಾಗ ಅರ ಹಾಕಲು ಬರುವ ಗರಗಸವನ್ನೇ ಕೇಳಿ ತೆಗೆದುಕೊಳ್ಳಿ.

ಪ್ರಶ್ನೆ: ಹಿಡಿಗೆ ಬೀಟೆಯೇ ಆಗಬೇಕೇ? ನಮ್ಮ ಹೊಲದ ಬದುವಿನಲ್ಲಿ ಕರಿಜಾಲಿ, ಹುಣಸೆ, ಹಲಸು ಇವೆ. ಮಾಡಿದ ಹಿಡಿಗೆ ಯಾವ ಎಣ್ಣೆ ಹಚ್ಚಬೇಕು?
— ಓದುಗರೊಬ್ಬರು, ಪಾಂಡವಪುರ

ಉತ್ತರ: ಬೀಟೆಯೇ ಆಗಬೇಕೆಂದಿಲ್ಲ. ಇಂಗ್ಲೆಂಡಿನ ಹಳೆಯ ಗರಗಸಗಳ ಹಿಡಿಗೆ ಅಲ್ಲಿ ಸುಲಭವಾಗಿ ಸಿಗುತ್ತಿದ್ದ ಬೀಚ್ ಮರವನ್ನೂ ಸೇಬಿನ ಮರವನ್ನೂ ಬಳಸಿದ್ದಾರೆ. ನೀವು ಹೇಳಿದ ಮೂರರಲ್ಲಿ ನನ್ನ ಆಯ್ಕೆ ಕರಿಜಾಲಿ. ನೇಗಿಲು, ಗಾಡಿಚಕ್ರ, ಕೊಡಲಿಯ ಕಾವುಗಳಿಗೆ ನಮ್ಮ ಹಿರಿಯರು ಅದನ್ನು ಆರಿಸಿದ್ದು ಅದರ ಗಡಸುತನಕ್ಕಾಗಿ ಮಾತ್ರವಲ್ಲ, ಏಟು ತಿಂದರೂ ಸೀಳದ ಗುಣಕ್ಕಾಗಿ. ಗರಗಸದ ಹಿಡಿಗೂ ಬೇಕಾದದ್ದು ಅದೇ. ಬಿಳಿಯ ಹೊರಭಾಗಕ್ಕೆ ಹುಳು ಬೀಳುವುದರಿಂದ ಅದನ್ನು ತೆಗೆದು, ಕೆಂಪು ಚೇಗನ್ನು ಮಾತ್ರ ಬಳಸಿ. ಕಡಿದ ದಿಮ್ಮಿಯನ್ನು ಕೆರೆಯ ನೀರಿನಲ್ಲಿ ಮುಳುಗಿಸಿಡುತ್ತಿದ್ದ ರೂಢಿ ಹುಳು ತಡೆಯಲು ಒಳ್ಳೆಯ ಉಪಾಯವೇ ಆಗಿದೆ. ಹುಣಸೆಯ ಕಪ್ಪು ಚೇಗು ಬಲು ಗಟ್ಟಿ, ನೋಡಲೂ ಚೆಂದ, ಆದರೆ ಎಳೆ ಹೆಣೆದುಕೊಂಡಿರುವುದರಿಂದ ಅರ ಹಾಕುವಾಗ ಕಿತ್ತುಬರುತ್ತದೆ. ಹಲಸು ಕೊರೆಯಲು ಹಿತ, ಹಗುರ. ಮೊದಲ ಹಿಡಿಯನ್ನು ಅದರಲ್ಲಿ ಮಾಡಿ ಕೈ ಪಳಗಿಸಿಕೊಳ್ಳಬಹುದು. ತೆಂಗಿನ ಮರ ಬೇಡ, ಅದರ ನಾರು ಸಿಬಿರೆದ್ದು ಅಂಗೈಗೆ ಚುಚ್ಚುತ್ತದೆ. ಬದುವಿನ ಮರವಾದರೂ ಕಡಿಯುವ ಮೊದಲು ಅನುಮತಿ ಬೇಕೇ ಎಂದು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆಯಲ್ಲಿ ಕೆಲವು ಜಾತಿಗಳಿಗೆ ವಿನಾಯಿತಿ ಇದೆ, ಎಲ್ಲಕ್ಕೂ ಇಲ್ಲ.

ಯಾವ ಮರವಾದರೂ ಚೆನ್ನಾಗಿ ಒಣಗಿರಬೇಕು. ಒಂದು ಅಂಗುಲ ದಪ್ಪದ ಹಲಗೆಯನ್ನು ಗಾಳಿಯಾಡುವ ನೆರಳಿನಲ್ಲಿ ಒಂದು ವರ್ಷವಾದರೂ ಇಡುವುದು ರೂಢಿಯ ಲೆಕ್ಕ. ಹಸಿ ಮರದ ಹಿಡಿ ನಮ್ಮ ಮಾರ್ಚ್, ಏಪ್ರಿಲ್ ತಿಂಗಳ ಬಿಸಿಲಿಗೆ ಕುಗ್ಗಿ, ಬೋಲ್ಟ್ ಸಡಿಲವಾಗಿ ಅಲಗು ಅಲುಗಾಡುತ್ತದೆ. ಹಚ್ಚಲು ಅಗಸೆ ಎಣ್ಣೆ ಸಾಕು, ಬಣ್ಣದಂಗಡಿಯಲ್ಲಿ ಲಿನ್ಸೀಡ್ ಆಯಿಲ್ ಎಂದು ಕೇಳಿ. ತೆಳುವಾಗಿ ಹಚ್ಚಿ, ಹೀರಿದ ಮೇಲೆ ಹೆಚ್ಚಾದದ್ದನ್ನು ಒರೆಸಿ, ಪೂರ್ತಿ ಒಣಗಿದ ಬಳಿಕ ಮತ್ತೊಮ್ಮೆ ಹಚ್ಚಿ. ಪೀಠೋಪಕರಣಕ್ಕೆ ಹಾಕುವ ಹೊಳಪಿನ ಪಾಲಿಶ್ ಬೆವರಿದ ಕೈಗೆ ಜಾರುತ್ತದೆ, ಆದ್ದರಿಂದ ಹಿಡಿಗೆ ಅದು ಒಪ್ಪುವುದಿಲ್ಲ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಹುಟ್ಟುವ ಶಾಖ ಹೊರಹೋಗಲಾಗದೆ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಅದನ್ನು ಬಿಡಿಸಿ ಹರವಿ ಒಣಗಿಸಿ, ಇಲ್ಲವೇ ನೀರಿನಲ್ಲಿ ನೆನೆಸಿಡಿ.

ಪ್ರಶ್ನೆ: ನಾನು ಮಾಡಿದ ಬೀಟೆಯ ಹಿಡಿಗಳನ್ನು ಹೊರದೇಶದ ಗೆಳೆಯರು ಕೇಳುತ್ತಿದ್ದಾರೆ. ಅಂಚೆಯಲ್ಲಿ ಕಳುಹಿಸಬಹುದೇ?
— ಓದುಗರೊಬ್ಬರು, ಸರಸ್ವತಿಪುರಂ, ಮೈಸೂರು

ಉತ್ತರ: ವಿಚಾರಿಸದೆ ಕಳುಹಿಸಬೇಡಿ. ಬೀಟೆ ಸೇರಿದಂತೆ ಡಾಲ್ಬರ್ಜಿಯಾ ಕುಲದ ಬಹುತೇಕ ಎಲ್ಲ ಮರಗಳೂ 2017ರ ಜನವರಿಯಿಂದ ಅಪಾಯದಲ್ಲಿರುವ ಸಸ್ಯ, ಪ್ರಾಣಿಗಳ ಅಂತಾರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿವೆ. ಮರ ಕೊಂಡ ರಸೀದಿಯನ್ನು ಜೋಪಾನವಾಗಿಟ್ಟುಕೊಂಡು, ನಿಮ್ಮ ಹಿಡಿಗಳಿಗೆ ಯಾವ ಕಾಗದಪತ್ರ ಬೇಕೆಂದು ಅರಣ್ಯ ಇಲಾಖೆಯಲ್ಲಿ ಮತ್ತು ರಫ್ತಿಗೆ ಸಂಬಂಧಿಸಿದ ಕಚೇರಿಯಲ್ಲಿ ಮೊದಲು ಕೇಳಿ ತಿಳಿಯಿರಿ. ಗೆಳೆಯರು ಒಪ್ಪುವುದಾದರೆ ಕರಿಜಾಲಿಯ ಒಂದು ಹಿಡಿಯನ್ನು ಮಾಡಿ ತೋರಿಸಿ; ಈ ಒಪ್ಪಂದದ ಪಟ್ಟಿಯಲ್ಲಿ ಆ ಮರವಿಲ್ಲ.